ಅಂಗಡಿಯ ಹೆಸರು ಹರಡುವುದು ಹೇಗೆ?

(ಸಣ್ಣ ವ್ಯಾಪಾರಿಗಳೂ ಗಿರಣಿ ಕಾರ್ಮಿಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮಾರುವವರೂ ಕೊಳ್ಳುವವರೂ ಒಂದೇ ಜಮಖಾನೆಯ ಮೇಲೆ ಕುಳಿತ ಸಭೆ ನಮ್ಮಲ್ಲಿ ಅಪರೂಪ. ವ್ಯಾಪಾರದ ಕಷ್ಟಗಳನ್ನು ವ್ಯಾಪಾರಿಗಳೇ ತಮ್ಮತಮ್ಮೊಳಗೆ ಹೇಳಿಕೊಳ್ಳುತ್ತಾರೆ. ಧಾರಣೆ ಏರಿತೆಂದು ಕಾರ್ಮಿಕರು ತಮ್ಮತಮ್ಮೊಳಗೆ ಗೊಣಗುತ್ತಾರೆ. ಇಬ್ಬರ ನಡುವೆ ದಿನವೂ ಆಡುವುದು ಒಂದು ತಕ್ಕಡಿ. ಆದರೆ ಆ ತಕ್ಕಡಿಯ ವಿಚಾರವನ್ನು ಇಬ್ಬರೂ ಕೂಡಿ ಮಾತಾಡಿದ್ದು ಕಡಿಮೆ. ಇಂದು ಆ ಸಂದರ್ಭ ಒದಗಿರುವುದರಿಂದ ಸುತ್ತುಬಳಸಿಲ್ಲದೆ ಮಾತಾಡಬಯಸುತ್ತೇವೆ.

ನಮ್ಮ ಮುಂದೆ ಇಟ್ಟ ಪ್ರಶ್ನೆ ಇದು: ಪೇಟೆಗೆ ದೊಡ್ಡ ಮಳಿಗೆಗಳು ಬಂದಿವೆ, ಮೊಬೈಲಿನ ಮೇಲೆ ಬೆರಳಿಟ್ಟರೆ ಸಾಮಾನು ಮನೆ ಬಾಗಿಲಿಗೆ ಬರುತ್ತದೆ, ಹೀಗಿರುವಾಗ ಹತ್ತಡಿ ಅಗಲದ ಕಿರಾಣಿ ಅಂಗಡಿಯವನು, ಹೊಲಿಗೆಯವನು, ಎಣ್ಣೆ ಮಾರುವವನು ತನ್ನ ಹೆಸರನ್ನು ಜನರಿಗೆ ಮುಟ್ಟಿಸುವುದು ಹೇಗೆ? ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳಲ್ಲಿ ದಿನವೂ ಮುಖ ತೋರಿಸದೆ ವ್ಯಾಪಾರ ಉಳಿದೀತೇ?

ಉಳಿದೀತು ಎಂದೇ ನಮ್ಮ ಉತ್ತರ. ಆದರೆ ಅದು ಪುಕ್ಕಟೆ ಉಳಿಯುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಹೇಳುವುದಕ್ಕೆ ಒಂದು ಹಳೆಯ ಅಂಗಡಿಯ ವೃತ್ತಾಂತವನ್ನು ಹೇಳಬೇಕಾಗಿದೆ. ಅದು ಗಿರಣಿಯವರೇ ಇಟ್ಟ ಅಂಗಡಿ. ಆದ್ದರಿಂದ ಈ ಸಭೆಯ ಎರಡೂ ಕಡೆಯವರಿಗೆ ಸಲ್ಲುತ್ತದೆ.

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಲ್ಲಿ, ಮ್ಯಾಂಚೆಸ್ಟರಿನ ಹತ್ತಿರ, ರಾಚ್‌ಡೇಲ್ ಎಂಬ ಊರು. ಉಣ್ಣೆಯ ಫ್ಲಾನೆಲ್ ಬಟ್ಟೆಗೂ ಹತ್ತಿ ಗಿರಣಿಗಳಿಗೂ ಹೆಸರಾದ ಊರು. ಅಲ್ಲಿಯ ನೇಕಾರರು ಕೂಲಿ ಹೆಚ್ಚಿಸಬೇಕೆಂದು ಕೇಳಿ ಸೋತಿದ್ದರು. ಸಿಕ್ಕ ಕೂಲಿಯಾದರೂ ಸರಿಯಾಗಿ ಹೊಟ್ಟೆ ಸೇರುತ್ತಿತ್ತೇ ಎಂದರೆ ಅದೂ ಇಲ್ಲ. ಬ್ರೆಡ್ಡು ಬೆಳ್ಳಗೆ ಕಾಣಲೆಂದು ಅದರಲ್ಲಿ ಪಟಿಕ ಬೆರೆಸುತ್ತಿದ್ದರು. ಬಳಸಿ ಬಿಸಾಡಿದ ಚಹಾ ಸೊಪ್ಪನ್ನು ಒಣಗಿಸಿ ಬಣ್ಣ ಹಾಕಿ ಮತ್ತೆ ಮಾರುತ್ತಿದ್ದರು. ಇದು ಬರೀ ಗಾಳಿಮಾತಲ್ಲ. 1851ರಿಂದ ಮುಂದಿನ ಮೂರು ನಾಲ್ಕು ವರ್ಷ ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ ಲಂಡನ್ನಿನ ಅಂಗಡಿಗಳ ಪದಾರ್ಥಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಯಲಿಗಿಟ್ಟ. ಕಲಬೆರಕೆಯ ವಿರುದ್ಧ ಅಲ್ಲಿ ಮೊದಲ ಕಾಯಿದೆ ಬಂದದ್ದು 1860ರಲ್ಲಿ.

ಅಂಥ ಕಾಲದಲ್ಲಿ ರಾಚ್‌ಡೇಲಿನ ಇಪ್ಪತ್ತೆಂಟು ಜನ, ಅವರಲ್ಲಿ ಹಲವರು ನೇಕಾರರು, ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಸಿ 28 ಪೌಂಡು ಬಂಡವಾಳ ಮಾಡಿದರು. ಟೋಡ್ ಲೇನ್ ಎಂಬ ಓಣಿಯಲ್ಲಿ ಒಂದು ಗೋದಾಮಿನ ನೆಲ ಅಂತಸ್ತನ್ನು ವರ್ಷಕ್ಕೆ ಹತ್ತು ಪೌಂಡು ಬಾಡಿಗೆಗೆ ಹಿಡಿದರು. 1844ನೆಯ ಇಸವಿಯ ಡಿಸೆಂಬರ್ 21ರ ಸಂಜೆ ಬಾಗಿಲು ತೆಗೆದರು. ಒಳಗಿದ್ದದ್ದು ಏನು? ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು, ಕೆಲವು ಮೇಣದ ಬತ್ತಿ. ಅಷ್ಟೇ. ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗರು ಓಣಿಯಲ್ಲಿ ಗುಂಪುಕಟ್ಟಿ ನಿಂತು ಕೇಕೆ ಹಾಕಿ ನಕ್ಕರು. ಒಳಗಿದ್ದವರಿಗೇ ಬಾಗಿಲ ಹಲಗೆ ತೆಗೆಯುವುದಕ್ಕೆ ನಾಚಿಕೆಯಾಗಿತ್ತೆಂದು ಅವರ ಚರಿತ್ರೆಯನ್ನು ಬರೆದ ಜಾರ್ಜ್ ಜೇಕಬ್ ಹೋಲಿಯೋಕ್ ತಿಳಿಸುತ್ತಾನೆ.

ಈ ಅಂಗಡಿ ಎಷ್ಟು ಬೆಳೆಯಿತೆಂಬುದನ್ನು ಕೇಳಿ. ಮರುವರ್ಷ 74 ಸದಸ್ಯರು. 1850ರಲ್ಲಿ 600. 1860ರಲ್ಲಿ 3,450.

ಇದಕ್ಕೆ ಅವರು ಮಾಡಿದ ಪ್ರಚಾರವಾದರೂ ಯಾವುದು? ಬ್ಯಾಂಡು ಬಾರಿಸಲಿಲ್ಲ. ಒಂದು ಕೊಂಡರೆ ಒಂದು ಉಚಿತ ಎನ್ನಲಿಲ್ಲ. ಪಕ್ಕದ ಅಂಗಡಿಗಿಂತ ಅಗ್ಗ ಎಂದೂ ಹೇಳಲಿಲ್ಲ. ಊರಿನಲ್ಲಿ ನಡೆಯುವ ದರವೇ ಅವರ ದರ. ಅವರು ಮಾಡಿದ್ದು ಇಷ್ಟು: ಕಲಬೆರಕೆ ಇಲ್ಲದ ಮಾಲು, ಪೂರ್ಣ ತೂಕ, ಪೂರ್ಣ ಅಳತೆ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿಡುವುದು. ಖರ್ಚು, ಬಡ್ಡಿ ಕಳೆದು ಉಳಿದ ಲಾಭವನ್ನು, ಯಾರು ಎಷ್ಟು ಸಾಮಾನು ಕೊಂಡರೋ ಅದರ ಪ್ರಮಾಣದಲ್ಲಿ ಹಿಂದಿರುಗಿಸುವುದು. ಹೆಚ್ಚು ಪಾಲು ಹಾಕಿದವನಿಗೆ ಹೆಚ್ಚು ಮತವಿಲ್ಲ. ಒಬ್ಬನಿಗೆ ಒಂದೇ ಮತ, ಹೆಂಗಸರಿಗೂ ಸಹ. ಮುಂದೆ ಲಾಭದ ಶೇಕಡಾ ಎರಡೂವರೆ ಭಾಗವನ್ನು ತೆಗೆದಿಟ್ಟು ವಾಚನಾಲಯ ನಡೆಸಿದರು. ಸಂಜೆ ಪತ್ರಿಕೆ ಓದಲು ಬಂದವನು ಇಳಿದು ಹೋಗುವಾಗ ಕಾಲು ಸೇರು ಚಹಾ ಕಟ್ಟಿಸಿಕೊಂಡು ಹೋಗಿರಲಿಕ್ಕೂ ಸಾಕು. ಇದು ನಮ್ಮ ಊಹೆ, ಅಂಗಡಿಕಾರರು ನಕ್ಕುಬಿಡಿ.

ಮತ್ತೊಂದು ಸಣ್ಣ ಸಂಗತಿ. ಮೊದಮೊದಲು ಆ ಅಂಗಡಿ ತೆರೆಯುತ್ತಿದ್ದುದು ಸೋಮವಾರ ಮತ್ತು ಶನಿವಾರ ಸಂಜೆ ಮಾತ್ರ. ನಡೆಸುವವರೂ ಕೂಲಿಯವರೇ, ಕೊಳ್ಳುವವರೂ ಕೂಲಿಯವರೇ. ಕೆಲಸ ಬಿಟ್ಟ ಮೇಲೆ ತಾನೆ ಬರಬೇಕು! ನಮ್ಮ ಪೇಟೆಯಲ್ಲಿ ಎರಡನೆಯ ಪಾಳಿ ಬಿಡುವ ಹೊತ್ತಿಗೆ ತೆರೆದಿರುವ ಅಂಗಡಿಗಳು ಎಷ್ಟಿವೆ ಎಂಬುದನ್ನು ವ್ಯಾಪಾರಿಗಳು ಎಣಿಸಿ ನೋಡಬಹುದು. ಗಿರಾಕಿ ಬರುವ ಹೊತ್ತಿಗೆ ತೆರೆದಿರುವ ಬಾಗಿಲೂ ಒಂದು ಕರಪತ್ರವೇ.

ಆ ಊರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. 1840ರ ದಶಕದಿಂದ ಧಾರವಾಡ ಜಿಲ್ಲೆಯ ಕರಿಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸಿದ್ದು ಲ್ಯಾಂಕಾಷೈರಿನ ಗಿರಣಿಗಳಿಗಾಗಿಯೇ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ನಿಂತುಹೋದಾಗ ಲ್ಯಾಂಕಾಷೈರಿನ ಗಿರಣಿಗಳು ಮುಚ್ಚಿ ಕಾರ್ಮಿಕರು ಉಪವಾಸ ಬಿದ್ದರು. ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆ ಬಂದೊಡನೆ ಏನಾಯಿತು? ಮೂಟೆಗಳಲ್ಲಿ ಕಸ, ಬೀಜ, ಮಣ್ಣು ಸೇರಿದವು. ತೂಕ ಹೆಚ್ಚಲೆಂದು ನೀರೂ ಸೇರಿತು. ಈ ಮೋಸವನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಕೆಟ್ಟ ಹೆಸರು ಮಾತ್ರ ಕುಸಿಯಲಿಲ್ಲ. ಅದೇ ಬರಗಾಲದ ವರ್ಷಗಳಲ್ಲಿ ಟೋಡ್ ಲೇನಿನ ಅಂಗಡಿಯವರ ಸದಸ್ಯರೇ ಕೆಲಸವಿಲ್ಲದೆ ಕುಳಿತಿದ್ದರು, ಇಟ್ಟಿದ್ದ ಉಳಿತಾಯವನ್ನು ತೆಗೆದು ತಿನ್ನುತ್ತಿದ್ದರು. ಆದರೂ ಆ ಅಂಗಡಿ ಮುಚ್ಚಲಿಲ್ಲ.

ಇಷ್ಟು ದೂರ ಹೋಗಬೇಕೇ ಎನ್ನುವವರು ಬೆಂಗಳೂರಿನ ಕಾಫಿ ಹೌಸನ್ನು ನೋಡಬಹುದು. ಕಾಫಿ ಮಂಡಳಿಯವರು ತಮ್ಮ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಎ. ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸುವ ಹೊಣೆ ಹೊತ್ತರು. 1957ರ ಆಗಸ್ಟಿನಲ್ಲಿ ಬೆಂಗಳೂರಿನ ಸಂಘ ಹುಟ್ಟಿತು. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಗಿರಾಕಿಗಳೂ ಹುಡುಕಿಕೊಂಡು ಹಿಂದೆ ಹೋದರು. ಜಾಗ ಬದಲಾದರೂ ಗಿರಾಕಿ ಬದಲಾಗದಿರುವುದು ಒಂದು ಅಂಗಡಿಗೆ ಸಲ್ಲಬಹುದಾದ ದೊಡ್ಡ ಮರ್ಯಾದೆ.

ಇನ್ನು ಬೆಲೆಯ ವಿಚಾರ. ಚೌಕಾಶಿ ನಮ್ಮ ಸಂತೆಯ ವಿನೋದ, ಒಪ್ಪುತ್ತೇವೆ. ಆದರೆ ಚೌಕಾಶಿಯಲ್ಲಿ ಗೆಲ್ಲುವವನು ಬಾಯಿ ಇದ್ದವನು. ಸೋಲುವವರು ನಾಚಿಕೆಯ ಹೆಂಗಸು, ಮುದುಕ, ಮಗು, ಹೊಸದಾಗಿ ಊರಿಗೆ ಬಂದ ಕೂಲಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಕ್ವೇಕರ್ ಪಂಥದ ವ್ಯಾಪಾರಿಗಳು ಒಂದು ವಸ್ತುವಿಗೆ ಒಂದೇ ಬೆಲೆ ಹೇಳತೊಡಗಿದರು. ಹೆಚ್ಚು ಹೇಳಿ ಇಳಿಸುವುದು ಸುಳ್ಳು ಹೇಳಿದಂತೆ ಎಂಬುದು ಅವರ ನಂಬಿಕೆ. ಮೊದಲಿಗೆ ಗಿರಾಕಿಗಳು ಬಿಟ್ಟುಹೋದರು. ಕೆಲವರಿಗೆ ಹೊಟ್ಟೆಗೂ ಕಷ್ಟವಾಯಿತು. ಬಳಿಕ ಜನಕ್ಕೆ ತಿಳಿಯಿತು: ಇವರ ಅಂಗಡಿಗೆ ಮಗುವನ್ನು ಕಳಿಸಿದರೂ ತಾವೇ ಹೋದಂತೆ. ಆಮೇಲೆ ವ್ಯಾಪಾರವೆಲ್ಲ ಇವರ ಕಡೆಗೇ ಹರಿಯಿತೆಂದು ಉಳಿದವರು ಗೊಣಗಿದರಂತೆ. ಆ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ಇದನ್ನು ನಮ್ಮ ಪೇಟೆಗೆ ಹೊಂದಿಸಿ ನೋಡಿ. ಅಂಗಡಿಯ ಎದುರಿಗೆ ಒಂದು ಕರಿಹಲಗೆ. ಅದರ ಮೇಲೆ ದಿನವೂ ಹತ್ತು ಪದಾರ್ಥಗಳ ದರ, ಓದುವಂಥ ಅಕ್ಷರದಲ್ಲಿ. ಸುಣ್ಣದ ಕಡ್ಡಿಗೆ ಹಿಡಿಯುವ ಖರ್ಚು ಲೆಕ್ಕಕ್ಕೇ ಇಲ್ಲ. ತೊಗರಿಬೇಳೆ ಕಿಲೋಗೆ ಹತ್ತು ರೂಪಾಯಿ ಏರಿದ ದಿನ ಯಾಕೆ ಏರಿತೆಂದು ಒಂದು ಸಾಲು ಬರೆಯಿರಿ. ಇಳಿದ ದಿನ ಇಳಿಸಿದ್ದನ್ನೂ ಬರೆಯಿರಿ. ಏರಿದ್ದನ್ನು ಅದೇ ಸಂಜೆ ಏರಿಸಿ, ಇಳಿದದ್ದನ್ನು ಹಳೆಯ ಸ್ಟಾಕು ಮುಗಿಯಲಿ ಎಂದು ಹದಿನೈದು ದಿನ ತಡೆಯುವ ಅಭ್ಯಾಸ ಗಿರಾಕಿಗೆ ತಿಳಿಯುವುದಿಲ್ಲವೆಂದು ಯಾರೂ ಭಾವಿಸಬಾರದು. ಕಾರ್ಮಿಕನ ಹೆಂಡತಿಗೆ ಬೇಳೆಯ ಧಾರಣೆ ಮಂತ್ರಿಗಳಿಗಿಂತ ಚೆನ್ನಾಗಿ ಗೊತ್ತು.

ಬೆಲ್ಲದ ಉದಾಹರಣೆ ತೆಗೆದುಕೊಳ್ಳೋಣ. ಆಲೆಮನೆಯಲ್ಲಿ ಹೆಚ್ಚೇನೂ ಬೆರೆಸದೆ ತೆಗೆದ ಬೆಲ್ಲ ಕಂದು ಬಣ್ಣ; ನೋಡುವುದಕ್ಕೆ ಅಷ್ಟು ಅಂದವಿಲ್ಲ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದರೆ ಹೊಂಬಣ್ಣ ಬರುತ್ತದೆ. ಗಿರಾಕಿ ಹೊಂಬಣ್ಣದ್ದನ್ನೇ ಕೇಳುತ್ತಾನೆ. ಅಂಗಡಿಯವನು ಏನು ಮಾಡಬೇಕು? ಗಿರಾಕಿ ಕೇಳಿದ್ದನ್ನು ಕೊಟ್ಟೆ, ನನ್ನ ತಪ್ಪೇನು ಎನ್ನುವುದು ಸುಲಭ. ರಾಚ್‌ಡೇಲಿನಲ್ಲಿ ಪಟಿಕದ ಬ್ರೆಡ್ಡಿನ ಬಿಳುಪಿಗೆ ಒಗ್ಗಿದ ಕಣ್ಣುಗಳ ಮುಂದೆ ಶುದ್ಧ ಹಿಟ್ಟಿಟ್ಟವರಿಗೂ ಇದೇ ತೊಡಕು. ನಮ್ಮ ಸಲಹೆ ಇಷ್ಟು: ಎರಡು ಬೆಲ್ಲವನ್ನೂ ಪಕ್ಕಪಕ್ಕದಲ್ಲಿ ಇಡಿ. ಇದು ಯಾಕೆ ಕಪ್ಪು, ಅದು ಯಾಕೆ ಹಳದಿ ಎಂದು ಒಂದು ಚೀಟಿ ಅಂಟಿಸಿ. ಕಪ್ಪಿನ ಒಂದು ಚೂರನ್ನು ನಾಲಗೆಗೆ ಕೊಡಿ. ಬಲವಂತ ಬೇಡ, ಉಪದೇಶವೂ ಬೇಡ. ಇವತ್ತು ಹಳದಿ ಕೊಂಡುಹೋದವನು ಮುಂದಿನ ಹಬ್ಬಕ್ಕೆ ಕಪ್ಪನ್ನು ಕೇಳಿಕೊಂಡು ಬಂದರೆ, ಅವನು ನಾಲ್ಕು ಮನೆಗೆ ಹೇಳಿಯೇ ಬಂದಿರುತ್ತಾನೆ. ಹೇಳು ಎಂದು ನೀವು ಕೇಳಿರುವುದಿಲ್ಲ. ಕೇಳಿ ಪಡೆದ ಹೊಗಳಿಕೆಗೂ ಹೊಂಬಣ್ಣದ ಬೆಲ್ಲಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈಗ ಉದ್ದರಿಯ ಪ್ರಶ್ನೆ. ಈ ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿ ಇದ್ದು ಯಾರೂ ಎತ್ತದಿರುವ ವಿಷಯ ಇದೇ ಎಂದು ನಮಗೆ ಗೊತ್ತು.

‘ಇಂದು ನಗದು, ನಾಳೆ ಉದ್ದರಿ’ ಎಂಬ ಹಲಗೆ ನಮ್ಮ ನಾಡಿನ ಅಂಗಡಿಗಳಲ್ಲಿ ಎಲ್ಲ ಕಡೆಯೂ ಉಂಟು. ಅದರ ಕೆಳಗೇ ಕುಳಿತು ಉದ್ದರಿ ಬರೆಯುವುದೂ ಉಂಟು. ರಾಚ್‌ಡೇಲಿನವರು ಉದ್ದರಿಯನ್ನು ಖಂಡಿತವಾಗಿ ನಿಲ್ಲಿಸಿದ್ದರು, ಅದಕ್ಕೆ ಬಲವಾದ ಕಾರಣವಿತ್ತು. ಸಾಲದಲ್ಲಿ ಬಿದ್ದ ಕೂಲಿಯವನು ಆ ಅಂಗಡಿಗೆ ಕಟ್ಟುಬಿದ್ದವನು. ಹಿಟ್ಟಿನಲ್ಲಿ ಮಣ್ಣಿದ್ದರೂ ಬಾಯಿ ತೆರೆಯಲಾರ, ಬೇರೆ ಅಂಗಡಿಗೆ ಹೋಗಲಾರ. ಸಾಲದ ಕಟ್ಟು ಬಿಚ್ಚಿದ ಹೊರತು ಒಳ್ಳೆಯ ಮಾಲಿಗೆ ಬೆಲೆಯೇ ಬರದೆಂದು ಅವರು ಕಂಡುಕೊಂಡರು.

ಅವರ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿ ಇಡಬೇಕೆಂದು ನಾವು ಹೇಳಲಾರೆವು. ಬಟವಾಡೆ ತಡವಾಗುವ ತಿಂಗಳಲ್ಲಿ, ಮನೆಯಲ್ಲಿ ಜ್ವರ ಬಿದ್ದ ವಾರದಲ್ಲಿ, ಹಲಗೆಯನ್ನು ತೋರಿಸಿ ಕೈತಿರುಗಿಸುವುದು ಯಾವ ನೀತಿ? 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ದುಡಿಯುವವರ ಎಷ್ಟೋ ಓಣಿಗಳಲ್ಲಿ ಒಲೆ ಉರಿದದ್ದು ಮೂಲೆ ಅಂಗಡಿಯ ಉದ್ದರಿಯಿಂದ. ಅದನ್ನು ಯಾವ ದೊಡ್ಡ ಮಳಿಗೆಯ ಯಂತ್ರವೂ ಕೊಡುತ್ತಿರಲಿಲ್ಲ.

ಆದರೆ ಉದ್ದರಿಗೆ ಒಂದು ಮರ್ಯಾದೆ ಬೇಕು. ಇಂತಿಷ್ಟರವರೆಗೆ ಎಂಬ ಮಿತಿ ಮೊದಲೇ ಇಬ್ಬರಿಗೂ ಗೊತ್ತಿರಲಿ. ಲೆಕ್ಕ ಎರಡು ಪುಸ್ತಕದಲ್ಲಿರಲಿ, ಒಂದು ಅಂಗಡಿಯಲ್ಲಿ, ಒಂದು ಗಿರಾಕಿಯ ಮನೆಯಲ್ಲಿ. ನಗದಿಗೂ ಉದ್ದರಿಗೂ ಒಂದೇ ದರವಿರಲಿ. ಉದ್ದರಿಯವನಿಗೆ ಕಿಲೋಗೆ ಎರಡು ರೂಪಾಯಿ ಗುಟ್ಟಾಗಿ ಏರಿಸುವುದು ಬಡ್ಡಿಯಲ್ಲ, ಜೇಬುಗಳ್ಳತನ. ಈ ಮಾತು ಕೆಲವರಿಗೆ ಖಾರವಾದೀತು, ಆದರೂ ಹೇಳಿದ್ದೇವೆ. ಮತ್ತು ಬಾಕಿಯನ್ನು ಹತ್ತು ಜನರೆದುರು ಕೂಗಿ ಓದಬೇಡಿ. ಒಮ್ಮೆ ಹಾಗೆ ಮಾನ ಹೋದವನು ಬಾಕಿ ತೀರಿಸಿಯಾನು, ಮರಳಿ ಬರಲಾರ. ಅವನ ನೆರೆಹೊರೆಯೂ ಬರಲಾರದು.

ಈಗ ಕಾರ್ಮಿಕ ಸಂಗಾತಿಗಳ ಕಡೆ ತಿರುಗುತ್ತೇವೆ. ಉದ್ದರಿಗೆ ಮೂಲೆಯ ಅಂಗಡಿ, ನಗದಿಗೆ ದೊಡ್ಡ ಮಳಿಗೆ. ಇದು ನಮ್ಮಲ್ಲಿ ಬೆಳೆಯುತ್ತಿರುವ ನಡೆ. ಬಟವಾಡೆಯ ದಿನ ಕೈಯಲ್ಲಿ ದುಡ್ಡಿದ್ದಾಗ ತಂಪು ಗಾಳಿಯ ಮಳಿಗೆಗೆ ಹೋಗಿ ಗಾಡಿ ತಳ್ಳುವುದು, ಇಪ್ಪತ್ತನೆಯ ತಾರೀಖಿಗೆ ಕೈ ಬರಿದಾದಾಗ ಮೂಲೆಯ ಅಂಗಡಿಗೆ ಚೀಲ ಕೊಟ್ಟು ಮಗುವನ್ನು ಕಳಿಸುವುದು. ಲೆಕ್ಕ ಹಾಕಿ ನೋಡಿ. ಒಬ್ಬ ಅಂಗಡಿಯವನ ಪುಸ್ತಕದಲ್ಲಿ ನಲವತ್ತು ಮನೆ, ಮನೆಗೆ 1,500 ರೂಪಾಯಿ ಬಾಕಿ ಎಂದಿಟ್ಟುಕೊಂಡರೆ 60,000 ರೂಪಾಯಿ ಹೊರಗೆ ನಿಂತಿತು. ಸಗಟು ವ್ಯಾಪಾರಿ ಅವನಿಗೆ ತಿಂಗಳು ಕಾಯುವುದಿಲ್ಲ. ಅವನು ಸಾಲ ತರುತ್ತಾನೆ, ಬಡ್ಡಿ ಕಟ್ಟುತ್ತಾನೆ, ಅದನ್ನು ತೂಕದಲ್ಲಿ ಹಿಡಿಯುವ ಆಸೆ ಹುಟ್ಟುತ್ತದೆ. ಪೂರ್ಣ ತೂಕ ಬೇಕೆನ್ನುವವನು ಬಟವಾಡೆಯ ದಿನ ಮೊದಲು ಯಾವ ಬಾಗಿಲಿಗೆ ಹೋಗುತ್ತಾನೆ ಎಂಬುದೂ ಆ ತೂಕದ ಒಂದು ಬೊಟ್ಟು.

ಮೊಬೈಲಿನ ವಿಷಯ ಕೇಳಿದ್ದೀರಿ; ಹೆಚ್ಚು ಹೇಳಬೇಕಾದ್ದಿಲ್ಲ. ಮೊಬೈಲು ಪಾಪವೆಂದು ನಾವು ಹೇಳುವುದಿಲ್ಲ. ಅಕ್ಕಿ ಬಂದಿದೆಯೇ ಎಂದು ಗಿರಾಕಿ ಕೇಳಿದರೆ ಬಂದಿದೆ ಎಂದು ಉತ್ತರಿಸಲು ಅದು ಒಳ್ಳೆಯ ಸಾಧನ. ಆದರೆ ಇಡೀ ಅಂಗಡಿಯನ್ನು ಪರರ ಜಗಲಿಯ ಮೇಲೆ ಹೂಡಬಾರದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸಹಿತ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಸರಿತಪ್ಪು ಇಲ್ಲಿಯ ವಿಷಯವಲ್ಲ. ಅಲ್ಲಿ ವರ್ಷಗಟ್ಟಲೆ ಕುಣಿದು ಜನ ಸೇರಿಸಿದವರ ಜನ ಒಂದೇ ರಾತ್ರಿಗೆ ಇಲ್ಲವಾದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದವು. ಆ ಆರು ಗಂಟೆಯೂ ಮೂಲೆಯ ಅಂಗಡಿಯಲ್ಲಿ ಉಪ್ಪು ಮಾರುತ್ತಲೇ ಇತ್ತು. ಅಲ್ಲಿ ನಿಮ್ಮ ಗಿರಾಕಿಗೆ ನಿಮ್ಮ ಮಾತು ಮುಟ್ಟಬೇಕಾದರೂ ಜಗಲಿಯ ಯಜಮಾನನಿಗೆ ಕಾಸು ತೆರುವ ಕಾಲ ಬಂದಿದೆ. ನಿಮ್ಮ ಕಿರ್ದಿ ಪುಸ್ತಕದಲ್ಲಿರುವ ನೂರು ಮನೆಗಳ ಹೆಸರು ಮಾತ್ರ ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲದ ಆಸ್ತಿ. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ, ಯಾರಿಗೆ ಮುಂದಿನ ವಾರ ಮದುವೆ ಎಂಬುದು ನಿಮಗೆ ಗೊತ್ತು. ಇದನ್ನು ತಿಳಿಯಲು ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿಯುತ್ತಿವೆ. ಗೊತ್ತಿರುವುದನ್ನು ಗಿರಾಕಿಯ ಮೇಲೆ ಹೇರಲು ಬಳಸದೆ, ಅವನಿಗೆ ಬೇಡದ್ದನ್ನು ಬೇಡವೆಂದು ಹೇಳಲು ಬಳಸಿದರೆ ಅವನು ನಿಮ್ಮವನು.

ಕಡೆಯದಾಗಿ ಒಂದು ಕೆಲಸದ ಮಾತು. ತಕ್ಕಡಿ, ಬೊಟ್ಟುಗಳಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸಬೇಕೆಂದು 2009ರ ಕಾನೂನು ಮಾಪನ ಕಾಯಿದೆ ಇದೆ. ಮುದ್ರೆಯ ಪ್ರಮಾಣಪತ್ರವನ್ನು ಗಲ್ಲಾಪೆಟ್ಟಿಗೆಯ ಒಳಗಿಡದೆ ಗಿರಾಕಿಯ ಕಣ್ಣಿಗೆ ಕಾಣುವಂತೆ ಗೋಡೆಗೆ ತೂಗುಹಾಕಿ. ಅದಕ್ಕೂ ಮುಂದೆ ಹೋಗಿ, ಈ ಪೇಟೆ ಬೀದಿಯ ಅಂಗಡಿಗಳೆಲ್ಲ ಕೂಡಿ ಮುದ್ರೆ ಹಾಕಿಸಿದ ಒಂದು ತಕ್ಕಡಿಯನ್ನು ಬೀದಿಯ ನಡುವೆ ಇಡಬಹುದು. ಯಾರು ಬೇಕಾದರೂ, ಯಾವ ಅಂಗಡಿಯಲ್ಲಿ ಕೊಂಡದ್ದನ್ನಾದರೂ, ಯಾರನ್ನೂ ಕೇಳದೆ ಅದರ ಮೇಲಿಟ್ಟು ನೋಡಿಕೊಳ್ಳಲಿ. ಖರ್ಚನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ದಿನದ ಲಾಭವೂ ಹಿಡಿಯದು. ದೊಡ್ಡ ಮಳಿಗೆಯವರೂ ತಮ್ಮ ಪೊಟ್ಟಣಗಳನ್ನು ಅಲ್ಲಿ ತೂಗಿಸಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ.

ಆ ತಕ್ಕಡಿ ಯಾರ ಅಂಗಡಿಯ ಮುಂದಿರಬೇಕು, ಮಳೆಗಾಲದಲ್ಲಿ ಅದಕ್ಕೆ ನೆರಳು ಯಾರು ಕಟ್ಟಬೇಕು, ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೆ ಒಯ್ಯುವ ಹೊಣೆ ಯಾರದು ಎಂಬುದನ್ನು ಇಲ್ಲಿ ಕುಳಿತ ವ್ಯಾಪಾರಿಗಳೂ ಕಾರ್ಮಿಕರೂ ಸೇರಿ ಇಂದೇ ಗೊತ್ತುಮಾಡಬೇಕೆಂದು ಕೋರುತ್ತೇವೆ. ಅಧ್ಯಕ್ಷರು ಮೊದಲು ಕಿರಾಣಿಯವರಿಗೆ ಮಾತಾಡಲು ಅವಕಾಶ ಕೊಡಲಿ.